ಗೆಂಜೊನ ಗೋರಿಯಲ್ಲಿ ಒಗೆದ ಬಟ್ಟೆ

ಬೂದಿ ಉಗುಳುವ ಸಕುರಾಜಿಮಾ ಜ್ವಾಲಾಮುಖಿ ಗುಡ್ಡ ಗುಡುಗಿದರೆ ನಮ್ಮೂರಿನ ಹೆಂಗಸರು ಮೊದಲು ಓಡುವುದು ಒಣಹಾಕಿದ ಬಟ್ಟೆಯ ಕಡೆಗೆ, ಮಕ್ಕಳ ಕಡೆಗೆ ಆಮೇಲೆ. ಬೂದಿ ಬಿದ್ದ ಬಟ್ಟೆ ಮತ್ತೆ ಬೆಳ್ಳಗಾಗುವುದಿಲ್ಲ.

ಪಕ್ಕದ ಮನೆಯ ಇತ್ಸುಕೊಳ ಗಂಡ ಗೆಂಜೊ ಮೂಲಂಗಿ ಬೆಳೆಯುತ್ತಿದ್ದ. ಎಲೆಯೆಲ್ಲ ಬೂದಿಗೆ ಸುಟ್ಟುಹೋಗುತ್ತಿತ್ತು. ಅನ್ನ ತಿಂದರೆ ಹಲ್ಲಿಗೆ ಕರಕರ, ಕಣ್ಣು ಸದಾ ಕೆಂಪು, ಮಾತು ಸದಾ ಸಿಡಿಮಿಡಿ. ಹಾಗಾಗಿ ಅವನ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಸಾಯುವಾಗ ಹೆಂಡತಿಯ ಕೈ ಹಿಡಿದುಕೊಂಡು, "ಇನ್ಮೇಲಾದ್ರೂ ನನ್ ತಲೆ ಮೇಲೆ ಬೂದಿ ಬೀಳ್ದಂಗೆ ನೋಡ್ಕೋ" ಅಂದ. ಅವನ ಬಾಯಿಂದ ಬಂದ ಪ್ರೀತಿಯ ಮಾತು ಅದೊಂದೇ.

ನಮ್ಮಲ್ಲಿ ಗೋರಿಗಳಿಗೂ ತಗಡಿನ ಮಾಡು ಹಾಕುತ್ತೇವೆ. ಇತ್ಸುಕೊಗೆ ಅದು ಸಾಲಲಿಲ್ಲ. ಮನೆಗೆಂದು ತಂದಿಟ್ಟಿದ್ದ ಹೊಸ ತಗಡನ್ನೆಲ್ಲ ಗೋರಿಗೆ ಹೊದಿಸಿ, ಸುತ್ತ ಆಳೆತ್ತರದ ಗಾಜು ಕೂರಿಸಿ, ಬಾಗಿಲನ್ನೂ ಇಡಿಸಿದಳು. ಮನೆಯ ಹಳೇ ತಗಡು ಬೂದಿಗೆ ತುಕ್ಕು ಹಿಡಿದು ತೂತಾಯಿತು. ಅವಳು ಕೊಡೆ ಹಿಡಿದುಕೊಂಡೇ ಅಡುಗೆ ಮಾಡತೊಡಗಿದಳು.

ಆ ಬೇಸಿಗೆ ಗಾಳಿ ನಮ್ಮ ಕಡೆಗೇ ತಿರುಗಿ ನಿಂತಿತು. ಊರೆಲ್ಲ ಬೂದುಬಣ್ಣದ ಬಟ್ಟೆ ತೊಟ್ಟಿದ್ದರೆ ಇತ್ಸುಕೊ ಮಾತ್ರ ಅಚ್ಚಬಿಳಿ ಏಪ್ರನ್ ಕಟ್ಟಿಕೊಂಡು ಬಂದಳು.

"ಅಕ್ಕಾ, ಇದನ್ನ ಎಲ್ಲಿ ಒಣಗಿಸ್ದೆ?" ಅಂತ ಕೇಳಿದೆ.

"ನಮ್ಮನೆಯವ್ರ ಹತ್ರ."

ಮಾರನೆಯ ದಿನವೇ ಬುಟ್ಟಿ ಹೊತ್ತ ಹೆಂಗಸರು ಸ್ಮಶಾನದಲ್ಲಿ ಸಾಲುಗಟ್ಟಿದರು. ಇತ್ಸುಕೊ ಒಂದೇ ಷರತ್ತು ಹಾಕಿದಳು: ಬಟ್ಟೆ ಹರವಿದವರು ಗೆಂಜೊನ ಜೊತೆ ನಾಲ್ಕು ಮಾತಾಡಬೇಕು. ನಾವು ಮೀನಿನ ದರ ಹೇಳಿದೆವು, ಸೊಸೆಯರನ್ನು ಬೈದೆವು. ಅವನು ಒಮ್ಮೆಯೂ ಸಿಡುಕಲಿಲ್ಲ.

ಕೊನೆಗೆ ದೇವಾಲಯದ ಗುರುಗಳೇ ಬಂದರು. "ಇದೇನು ಸ್ಮಶಾನವೋ, ಅಗಸರ ಕಟ್ಟೆಯೋ?" ಎಂದು ಗದರುತ್ತಿದ್ದಂತೆ ಗುಡ್ಡ ಗುಡುಗಿತು. ಬೂದಿ ಸುರಿಯಿತು. ಗುರುಗಳು ಒಂದೇ ನೆಗೆತಕ್ಕೆ ಒಳಗೆ ನುಗ್ಗಿ, ಒದ್ದೆ ಚಾದರಗಳ ನಡುವೆ ನಿಂತರು.

"ಸುಮ್ನೆ ನಿಲ್ಲೋ ಹಾಗಿಲ್ಲ ಗುರುಗಳೇ. ಏನಾದ್ರೂ ಮಾತಾಡಿ," ಅಂದಳು ಇತ್ಸುಕೊ.

ಗುರುಗಳು ಕೆಮ್ಮಿದರು. ಆಮೇಲೆ ಗೋರಿಯ ಕಲ್ಲಿಗೆ ತಲೆಬಾಗಿ, ತಮ್ಮ ಮಂಡಿನೋವಿನ ಕಥೆ ಶುರುಮಾಡಿದರು. ಬೂದಿ ನಿಂತರೂ ಅವರ ಕಥೆ ನಿಲ್ಲಲಿಲ್ಲ. ಮರುವಾರ ತಮ್ಮ ನಿಲುವಂಗಿಯನ್ನೂ ತಂದು ಹರವಿದರು.

"ಬದುಕಿದ್ದಾಗ ಒಬ್ರೂ ತಿರುಗಿ ನೋಡ್ಲಿಲ್ಲ. ಈಗ ನಂಗೇ ಜಾಗ ಇಲ್ವಲ್ಲೇ!" ಎಂದು ಇತ್ಸುಕೊ ನನ್ನ ಮುಂದೆ ಗೊಣಗಿದಳು. ಗಂಡನ ಜೊತೆ ಮಾತಾಡಲು ಅವಳೀಗ ಕೋಳಿ ಕೂಗುವ ಮೊದಲೇ ಎದ್ದು ಹೋಗುತ್ತಾಳೆ.