ಎಳನೀರು ಗಾಡಿಗೆ ಬಂದ ಕುಕ್ರಿ

ಬಲಗೈಯ ಮೂರು ಬೆರಳು ಯಾವಾಗಿನಿಂದ ಮರಗಟ್ಟಿದವು ಎಂದು ಕೇಳಿದರೆ ಹೇಳಲಾರೆ. ನೋವು ಶುರುವಾದ ದಿನವಾದರೆ ನೆನಪಿರುತ್ತದೆ. ಒಂದು ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಬಗ್ಗಿ ನೋಡಿಕೊಂಡು ಹಾಕಬೇಕಾಯಿತು, ಅಷ್ಟೇ. ಶಿವಮೊಗ್ಗದ ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಆಪರೇಷನ್ ಮಾಡಬಹುದು, ಮಾಡಿಸಿದರೂ ಮಚ್ಚು ಹಿಡಿಯುವ ಕೆಲಸ ಬಿಡಬೇಕಾಗುತ್ತದೆ ಎಂದರು. ತಲೆಯಾಡಿಸಿ ಎದ್ದು ಬಂದೆ. ಬಸ್ಸು ತರೀಕೆರೆ ದಾಟಿ ಕಡೂರು ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದೆ, ಏನು ನೋಡಿದೆನೋ ಗೊತ್ತಿಲ್ಲ. ಮಾರನೆಯ ದಿನ ಎಂದಿನ ಜಾಗದಲ್ಲೇ ಎಳನೀರಿನ ಗಾಡಿ ನಿಲ್ಲಿಸಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದು ಎಳನೀರು ಕೆತ್ತುವುದೊಂದನ್ನೇ, ಆದರೆ ಅದನ್ನು ಚೆನ್ನಾಗಿ ಕಲಿತೆ. ಕಾಯಿಯನ್ನು ಎಡ ಅಂಗೈಯಲ್ಲಿ ಕೂರಿಸಿ ತಿರುಗಿಸುತ್ತ ನೆತ್ತಿ ಕೆತ್ತಬೇಕು. ಕೊನೆಯ ಏಟಿಗೆ ಚಿಪ್ಪಿನ ಮುಚ್ಚಳ ಮಾತ್ರ ಹಾರಬೇಕು, ನೀರು ತುಳುಕಬಾರದು. ಆ ಏಟು ಕಣ್ಣಿನದಲ್ಲ, ಬೆರಳಿನದು. ಅಲಗು ಚಿಪ್ಪಿಗೆ ತಾಗಿತೆಂದು ಹಿಡಿಯಿಂದ ಬೆರಳಿಗೆ ತಿಳಿಯುತ್ತದೆ, ತಿಳಿದ ಕೂಡಲೇ ಕೈ ನಿಲ್ಲುತ್ತದೆ. ಸಖರಾಯಪಟ್ಟಣದ ಬಸ್ಸಿಗೆ ಕಾಯುವವರು ಬೇರೆ ಗಾಡಿ ದಾಟಿ ನನ್ನ ಹತ್ತಿರ ಬರುತ್ತಿದ್ದದ್ದು ಅದಕ್ಕೇ. ಹೊಗಳಿಕೊಳ್ಳುತ್ತಿದ್ದೀಯ ಎಂದರೆ ಹೌದು, ಹೊಗಳಿಕೊಳ್ಳುತ್ತಿದ್ದೇನೆ.

ಒಂದು ಮಧ್ಯಾಹ್ನ ಮಚ್ಚು ಕೈಯಿಂದ ಹಾರಿ ಗಿರಾಕಿಯೊಬ್ಬರ ಚಪ್ಪಲಿಯ ಪಕ್ಕ ಬಿತ್ತು. ಬೆವರಿರಬೇಕು, ಕೈ ಒರೆಸಿಕೋ ಎಂದರು ಅವರು. ಒರೆಸಿಕೊಂಡೆ. ಕೈಯಲ್ಲಿ ಬೆವರಿರಲಿಲ್ಲ. ಮಚ್ಚು ಜಾರಿದ್ದು ನನಗೆ ತಿಳಿದದ್ದು ಅದು ನೆಲಕ್ಕೆ ಬಿದ್ದ ಸದ್ದಿನಿಂದ. ಆ ರಾತ್ರಿ ಹೆಂಡತಿಗೆ ಹೇಳಿದಾಗ ಅವಳು, "ಯಾರ್ದಾದ್ರೂ ಕಾಲ ಮೇಲೇ ಬೀಳೋವರ್ಗೂ ಕಾಯ್ತೀರಾ?" ಎಂದಳು. ನಾನು ಮಗ್ಗುಲಾದೆ. ಗಾಡಿ ಬಿಟ್ಟು ಬೇರೆಯವರ ಅಂಗಡಿಯಲ್ಲಿ ಮೂಟೆ ಎಣಿಸುತ್ತ ಕೂರುವವನು ನಾನಲ್ಲ.

ಮಚ್ಚು ಬಿದ್ದದ್ದನ್ನು ನೋಡಿದವನು ಇನ್ನೊಬ್ಬನಿದ್ದ. ನನ್ನ ಪಕ್ಕದಲ್ಲಿ ಸಂಜೆ ಮೋಮೋ ಗಾಡಿ ಹಾಕುವ ನೇಪಾಳದವನು. ಬೀದಿಯವರೆಲ್ಲ ಅವನನ್ನು ಗೂರ್ಖಾ ಎಂದೇ ಕರೆಯುತ್ತಿದ್ದರು, ಅವನು ಒಂದು ದಿನವೂ ಯಾವ ಗೇಟೂ ಕಾಯ್ದವನಲ್ಲ. ಮಾರನೆಯ ದಿನ ಹಳೇ ಟವೆಲ್ಲಿನಲ್ಲಿ ಸುತ್ತಿದ ಒಂದು ಕತ್ತಿ ತಂದು ನನ್ನ ಗಾಡಿಯ ಮೇಲೆ ಬಿಚ್ಚಿ, ಹಗಲು ಇದರಲ್ಲಿ ಕೆತ್ತಿ ನೋಡು ಎಂದ. ಕುಕ್ರಿ. ಅವನ ಅಪ್ಪನದಂತೆ. ಅವರ ಮನೆಯಲ್ಲಿ ಕೋಳಿಗೆ, ಕೋಸಿಗೆ, ಸೌದೆಗೆ ಎಲ್ಲಕ್ಕೂ ಅದೊಂದೇ. ಮಚ್ಚಿಗಿಂತ ಗಿಡ್ಡ. ನಡುವಿನಲ್ಲಿ ಒಳಕ್ಕೆ ಬಾಗಿ, ಅಲ್ಲಿಂದ ಮುಂದಕ್ಕೆ ಹೊಟ್ಟೆ ಬಿಟ್ಟಂತೆ ಅಗಲ. ನಮ್ಮ ಕುಡುಗೋಲೂ ಬಾಗಿರುತ್ತದೆ, ಆದರೆ ಅದನ್ನು ಎಳೆಯಬೇಕು. ಇದು ತಾನೇ ಬೀಳುವಂಥದ್ದು.

ಹಿಡಿಯ ಹತ್ತಿರ ಅಲಗಿನಲ್ಲಿ ಒಂದು ಕಚ್ಚು ಕಂಡಿತು. ಎರವಲು ಪಡೆದ ಸಾಮಾನನ್ನು ಇದ್ದದ್ದಕ್ಕಿಂತ ಚೆನ್ನಾಗಿ ಮಾಡಿ ಹಿಂದಿರುಗಿಸುವುದು ನನ್ನ ಪದ್ಧತಿ.

"ಇಲ್ಲಿ ಮುಕ್ಕಾಗೈತಲ್ಲೋ. ಅಜ್ಜಂಪುರದಾಗೆ ನಮ್ ಕಮ್ಮಾರ ಅವ್ನೆ, ಉಜ್ಸಿ ಸಮ ಮಾಡ್ಸಿ ಕೊಡ್ತೀನಿ," ಎಂದೆ.

ಅವನು ಕತ್ತಿಯನ್ನು ಎದೆಗೆ ಎಳೆದುಕೊಂಡ. "ಬ್ಯಾಡ ಅಣ್ಣಾ, ಅದು ಮುಕ್ಕಲ್ಲ. ಮಾಡೋದೇ ಹಂಗೆ."

"ಯಾತಕ್ಕೆ?"

"ಹಸುವಿನ ಗೊರಸಿನ ಗುರ್ತು ಅಂತಿದ್ದ ಅಪ್ಪ. ರಕ್ತ ಹಿಡಿಗೆ ಇಳೀದಂಗೆ ಅಂತಿದ್ದ ಮಾವ. ನಂಗೇನ್ ಗೊತ್ತು ಅಣ್ಣ, ನಾನು ಮೋಮೋ ಮಾರೋನು."

ನಗು ಬರುವ ಮಾತು. ನನ್ನ ಬಾಯಿ ನಕ್ಕಿತು, ನಾನು ನಗಲಿಲ್ಲ. ಗಟ್ಟಿಯಾಗಿ ಹಿಡಿಯಬೇಡ, ಎತ್ತಿ ಬಿಟ್ಟರೆ ಸಾಕು ಎಂದು ಅವನು ಹೇಳಿಕೊಟ್ಟ. ಕೈಗೇನಾಗಿದೆ ಎಂದು ಕೇಳಲಿಲ್ಲ.

ಮೊದಲ ಕಾಯಿಯ ತಲೆಯೇ ಹೋಯಿತು, ಅರ್ಧ ನೀರು ನನ್ನ ಅಂಗಿಗೆ. ಎರಡನೆಯದೂ ಅದೇ. ಎದುರು ಸ್ಟ್ಯಾಂಡಿನ ಆಟೋದವನು, "ಏನಣ್ಣೋ, ಕಾಯಿ ಕೆತ್ತೀಯೋ ಯುದ್ಧಕ್ಕೆ ಹೊಂಟೀಯೋ?" ಎಂದು ಕೂಗಿದ. ಮೂರನೆಯ ಕಾಯಿ ಎತ್ತಿಕೊಂಡೆ. ಮಚ್ಚನ್ನು ಎತ್ತುವಷ್ಟು ಎತ್ತುವುದೇ ತಪ್ಪೆಂದು ನಿಧಾನಕ್ಕೆ ಗೊತ್ತಾಯಿತು. ಗೇಣಿನಷ್ಟು ಎತ್ತಿ ಬಿಟ್ಟರೆ ಆ ಹೊಟ್ಟೆಯ ಭಾರವೇ ಸಿಪ್ಪೆಯನ್ನು ಸೀಳಿಕೊಂಡು ಹೋಗುತ್ತದೆ. ಹಿಡಿಯ ನಡುವೆ ಉಂಗುರದ ಹಾಗೆ ಒಂದು ಉಬ್ಬು, ತುದಿಯಲ್ಲಿ ಅಗಲ. ಆ ಅಗಲ ನನ್ನ ಕಿರುಬೆರಳಿಗೆ ಒತ್ತಿಕೊಳ್ಳುತ್ತಿತ್ತು, ಕಿರುಬೆರಳಿನಲ್ಲಿ ಮಾತ್ರ ಇನ್ನೂ ಜೀವ ಇತ್ತು. ಕತ್ತಿ ಜಾರಲಿಲ್ಲ. ಆ ವಾರವೆಲ್ಲ ಒಮ್ಮೆಯೂ ಜಾರಲಿಲ್ಲ. ಹಗಲು ನನ್ನ ಗಾಡಿಯಲ್ಲಿ ಎಳನೀರಿಗೆ, ಸಂಜೆ ಅವನ ಗಾಡಿಯಲ್ಲಿ ಕೋಸಿಗೆ ಎಂದು ಅದು ಎರಡು ಮನೆಯ ಎತ್ತಿನ ಹಾಗೆ ದುಡಿಯಿತು.

ಗೆದ್ದೆ ಎಂದುಕೊಳ್ಳಬೇಕಿತ್ತು. ನೆತ್ತಿ ಕೆತ್ತುವವರೆಗೆ ಎಲ್ಲ ಸರಿಯೇ. ಕೊನೆಯ ಏಟು ಮಾತ್ರ ಕುಕ್ರಿಯಿಂದಲೂ ಬರಲಿಲ್ಲ. ಚಿಪ್ಪು ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಒಂದು ಕಾಯಿಯಲ್ಲಿ ಮೊದಲೇ ನಿಲ್ಲುತ್ತಿದ್ದೆ, ಇನ್ನೊಂದರಲ್ಲಿ ಚಿಪ್ಪು ದಾಟಿ ಒಳಗಿನ ಗಂಜಿಯವರೆಗೂ ಇಳಿಸುತ್ತಿದ್ದೆ. ರೈಲ್ವೆಯಿಂದ ರಿಟೈರಾದ ಹಿರಿಯರೊಬ್ಬರು ಬಹಳ ವರ್ಷದ ಗಿರಾಕಿ. ಸ್ಟ್ರಾ ಎತ್ತಿ ನೋಡಿ, "ಈಗೀಗ ನೀರಿಗೆ ನಾರು ಬೀಳ್ತದೆ ಕಣಯ್ಯ," ಎಂದು ಮೆತ್ತಗೆ ಹೇಳಿದರು. ಮಾರನೆಯ ದಿನ ಅವರು ಆಚೆ ಗಾಡಿಯ ಮುಂದೆ ನಿಂತು ಕುಡಿಯುತ್ತಿದ್ದರು. ನನ್ನನ್ನು ಕಂಡು ಬೆನ್ನು ತಿರುಗಿಸಿದರು. ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ಸಿಂಗಟಗೆರೆಯಿಂದ ಬಂದ ಲೋಡು ಇಳಿಸಿಕೊಳ್ಳುವುದಿತ್ತು, ಇಳಿಸಿಕೊಂಡೆ.

ಅದಾಗಿ ಒಂದೆರಡು ದಿನಕ್ಕೆ ಹೆಂಡತಿ ಎಂದಿನಂತೆ ಮಧ್ಯಾಹ್ನ ಬುತ್ತಿ ತಂದಳು. ನಾನು ಸ್ಟೂಲಿನ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದೆ. ಅವಳು ಕುಕ್ರಿಯನ್ನೇ ನೋಡುತ್ತ ನಿಂತಿದ್ದಳು.

"ನಾನೊಂದು ನೋಡ್ಲಾ?"

"ಮಚ್ಚಿದ್ದಂಗಲ್ಲ ಅದು," ಎಂದೆ.

"ಗೊತ್ತು. ಮಚ್ಚು ನನ್ನ ಕೈಗೆ ಭಾರ ಆಗ್ತಿತ್ತು. ಇಲ್ದಿದ್ರೆ ಯಾವತ್ತೋ ಕೇಳ್ತಿದ್ದೆ."

ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದೆ. ಎಷ್ಟು ವರ್ಷದಿಂದ ಬುತ್ತಿ ತಂದು ಪಕ್ಕದಲ್ಲಿ ನಿಲ್ಲುತ್ತಿದ್ದಾಳೆ, ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ. ಬೇಡ ಎಂದರೆ ಅವಳು ಸುಮ್ಮನಾಗುತ್ತಿದ್ದಳು. ಮೇಲಿನ ಗೊನೆಯಿಂದ ಒಂದು ಕಾಯಿ ಕಿತ್ತುಕೋ ಎಂದೆ.

ಮೊದಲನೆಯದು ಚೆಲ್ಲಿತು. ಎತ್ತರ ಎತ್ತಬೇಡ, ಬಿಡು ಸಾಕು ಎಂದೆ. ಮುಂದಿನದಕ್ಕೆ ಕಾಯಿ ತಿರುಗಿಸುವುದನ್ನು ಹೇಳಿದೆ. ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ, ಉಳಿದದ್ದು ಬೆರಳಿನ ಕೆಲಸ. ನಾನು ತಟ್ಟೆ ನೋಡುತ್ತ ಕೂತೆ. ಆಗ ಆ ಸದ್ದು ಕೇಳಿತು, ಮುಚ್ಚಳ ಮಾತ್ರ ಹಾರುವಾಗ ಬರುವ ಸದ್ದು. ತಲೆಯೆತ್ತಿದೆ. ನೀರು ಕಂಠದವರೆಗೆ ಬಂದು ಅಲುಗಿ ಅಲ್ಲೇ ನಿಂತಿತ್ತು. ಅವಳು ನನ್ನ ಕಡೆ ನೋಡಲಿಲ್ಲ, ಕಾಯಿಯನ್ನು ಹಲಗೆಯ ಮೇಲಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಬಸ್ಸಿಳಿದ ಹೆಂಗಸೊಬ್ಬರು ಬಂದು ತೆಳು ಗಂಜಿ ಇರುವ ಕಾಯಿ ಬೇಕು ಎಂದರು. ಕುಕ್ರಿ ಹೆಂಡತಿಯ ಕೈಯಲ್ಲಿತ್ತು. ಕೊಡು ಎಂದು ನಾನು ಕೈ ಚಾಚಬಹುದೆಂದು ಅವಳು ಕಾಯ್ದಳು. ನಾನು ಎಡಗೈಯಿಂದ ಕಾಯಿಗಳನ್ನು ತಟ್ಟಿ ನೋಡಿ ಒಂದನ್ನು ಅವಳ ಮುಂದಿಟ್ಟೆ.

"ಇದು," ಎಂದೆ.

ಅವಳು ಕೆತ್ತತೊಡಗಿದಳು. ನಾನು ತಟ್ಟೆ, ಡಬ್ಬಿ ಎತ್ತಿಕೊಂಡು ಬೀದಿ ನಲ್ಲಿಗೆ ಹೋದೆ. ನೀರು ಬಲಗೈ ಬೆರಳುಗಳ ಮೇಲೆ ಬೀಳುತ್ತಿರುವುದು ಕಣ್ಣಿಗೆ ಮಾತ್ರ ಕಾಣುತ್ತಿತ್ತು. ತೊಳೆದು ಮುಗಿದರೂ ಸ್ವಲ್ಪ ಹೊತ್ತು ಕೈಯನ್ನು ನಲ್ಲಿಯ ಕೆಳಗೇ ಹಿಡಿದುಕೊಂಡು ನಿಂತಿದ್ದೆ.