ಸ್ಟಿಯರಿಂಗ್ ಮೇಲಿನ ಬೆರಳು

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಹೆಬ್ರಿಡೀಸಿನ ಒಂದು ದ್ವೀಪದಲ್ಲಿ, ಹಡಗಿನಿಂದ ಇಳಿದವರನ್ನು ವ್ಯಾನಿಗೆ ತುಂಬಿಕೊಂಡು ಊರು ತೋರಿಸುವ ಟಾರ್ಕಿಲ್‌ನ ಬಾಯಿಗೆ ಬೀಗವೇ ಇಲ್ಲ. ಸತ್ತು ನೂರಾರು ವರ್ಷವಾದ ಕೋಟೆಯ ಒಡೆಯನನ್ನು ನಿನ್ನೆ ತಾನೇ ತನ್ನ ಬೇಲಿ ಕಿತ್ತವನಂತೆ ಬೈಯುತ್ತಾನೆ; ಕಡಲಂಚಿನ ಬಂಡೆಯ ಮೇಲೆ ಸೀಲ್ ಪ್ರಾಣಿಗಳು ಕಾಣದಿದ್ದರೆ, “ನೀವು ಬರ್ತೀರ ಅಂತ ಹೇಳಿಬಿಟ್ಟೆ ಕಣಮ್ಮಾ, ಅದಕ್ಕೇ ತಪ್ಪಿಸಿಕೊಂಡಿವೆ” ಎನ್ನುತ್ತಾನೆ. ಎದುರು ಬಂದ ಗಾಡಿಗೆಲ್ಲ ಸ್ಟಿಯರಿಂಗ್ ಮೇಲಿಂದ ತೋರುಬೆರಳು ಎತ್ತುವುದು ಅಲ್ಲಿಯವರ ರೂಢಿ. ಇವನು ಕುರಿಗಳಿಗೂ ಎತ್ತುತ್ತಾನೆ. ಕೊಲ್ಲಿಯ ತಿರುವಿನ ಬಿಳಿ ಮನೆ ಬಂದಾಗ ಮಾತ್ರ ಮಾತು ನಿಂತುಹೋಗಿ, ಬೆರಳೊಂದೇ ಮೇಲೇಳುತ್ತದೆ. “ಅಲ್ಲಿ ಯಾರೂ ಇಲ್ವಲ್ಲ?” ಎಂದು ಒಬ್ಬಾಕೆ ಕೇಳಿದಳು. “ಕಿಟಕಿ ಹಿಂದೆ ನಮ್ಮಣ್ಣ ಇರ್ತಾನೆ. ಮಾತು ಬಿಟ್ಟಿದೀವಿ, ಬೆರಳೆತ್ತೋದು ಬಿಟ್ಟಿಲ್ಲ.” “ಅವರೂ ಎತ್ತುತ್ತಾರಾ?” “ಪರದೆ ಎಳೆದಿರುತ್ತೆ, ತಾಯಿ.” ಪ್ರವಾಸಿಗರೇ ಬಾರದ ಚಳಿಗಾಲದಲ್ಲೂ ಖಾಲಿ ವ್ಯಾನು ದಿನಾ ಆ ತಿರುವಿನವರೆಗೆ ಹೋಗಿ ಬರುತ್ತದೆ.