ನೀಲಿ ‘ಇ’ ಒತ್ತಿದ ವರ

ಯಲಬುರ್ಗಾದ ಹುಚ್ಚೀರಪ್ಪನಿಗೆ ಒಂದು ಚಟವಿತ್ತು. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಎದುರಿಗೆ ಬಂದವರ ಬುದ್ಧಿ ಎಷ್ಟೆಂದು ಅಳೆಯುವ ಚಟ. 1997ರಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಟೈಪ್‌ರೈಟರ್ ಇಟ್ಟು ಟೈಪಿಂಗ್ ಕ್ಲಾಸ್ ಶುರು ಮಾಡಿದಾಗಿನಿಂದ ಅದು ಅಂಟಿಕೊಂಡಿತ್ತು. ಕೀಲಿ ನೋಡಿಕೊಂಡು ಬಡಿಯುವವನು ದಡ್ಡ, ಹಾಳೆ ನೋಡಿಕೊಂಡು ಬಡಿಯುವವನು ಜಾಣ, ಗೋಡೆ ನೋಡಿಕೊಂಡು ಬಡಿಯುವವನು ಮುಂದೆ ಸಾಹೇಬನಾಗುವವನು. ಹೀಗೆ ದಡ್ಡರೆನಿಸಿಕೊಂಡ ಇಬ್ಬರು ಆಮೇಲೆ ಸರಕಾರಿ ನೌಕರಿ ಹಿಡಿದರು. ಗೋಡೆ ನೋಡುತ್ತಿದ್ದವನು ಊರಲ್ಲೇ ಪಾನ್ ಅಂಗಡಿ ಇಟ್ಟ. ಹುಚ್ಚೀರಪ್ಪ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ.

ಮನುಷ್ಯ ಕೆಟ್ಟವನಲ್ಲ. ಅರ್ಜಿ ಬರೆಯಲು ಬಾರದವರಿಗೆ ಪಕ್ಕದಲ್ಲಿ ಕೂತು ಬರೆದುಕೊಡುತ್ತಿದ್ದ. ಹಳ್ಳಿಯಿಂದ ಬಂದವರಿಗೆ ನೀರು ಕೊಟ್ಟು, ವಾಪಸಿನ ಬಸ್ ಎಷ್ಟೊತ್ತಿಗೆ ಎಂದೂ ಹೇಳುತ್ತಿದ್ದ. ಆದರೆ ಅಂಟಿದ ಚಟ ಬಿಡಬೇಕಲ್ಲ, ನೀರು ಕೊಡುವಾಗಲೂ ಅವರು ಲೋಟ ಹಿಡಿಯುವ ರೀತಿ ನೋಡಿ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದ. ಹೆಂಡತಿ ದುರುಗವ್ವ ಇದನ್ನು ನೋಡಿ ನೋಡಿ ರೋಸಿ, ಹೇಳುವುದನ್ನೇ ಬಿಟ್ಟಿದ್ದಳು.

ಟೈಪ್‌ರೈಟರುಗಳ ಕಾಲ ಮುಗಿಯಿತು. ಅದೇ ಕೋಣೆಗೆ ನಾಲ್ಕು ಕಂಪ್ಯೂಟರ್ ಬಂದವು, ಇಂಟರ್‌ನೆಟ್ ಬಂತು. ಮಗಳು ರಂಜಿತಾ ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಅಂಗಡಿಯಲ್ಲಿ ಕೂತಳು. ಹೆಸರಿಗೆ ಅಂಗಡಿ ಹುಚ್ಚೀರಪ್ಪನದು, ಕೆಲಸವೆಲ್ಲ ಅವಳದು. ಹೀಗಿರುವಾಗ 2011ರ ಮಳೆಗಾಲದಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಇಂಟರ್‌ನೆಟ್ ತೆರೆಯಲು ನೀಲಿ ‘ಇ’ ಗುರುತಿನ ಎಕ್ಸ್‌ಪ್ಲೋರರ್ ಬಳಸುವವರಿಗೆ ಬುದ್ಧಿ ಕಡಿಮೆಯಂತೆ, ಬೇರೆ ಬ್ರೌಸರ್ ಬಳಸುವವರಿಗೆ ಹೆಚ್ಚಂತೆ. ಯಾರೋ ಸಾವಿರಾರು ಜನರನ್ನು ಪರೀಕ್ಷೆ ಮಾಡಿ ಕಂಡುಹಿಡಿದರಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು ಹುಚ್ಚೀರಪ್ಪನಿಗೆ. ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ.

ಅಂದಿನಿಂದ ಅಂಗಡಿಯಲ್ಲಿ ಹೊಸ ಕಾನೂನು. ಬಣ್ಣದ ಚಕ್ರದ ಕ್ರೋಮ್ ಒತ್ತಿದವರಿಗೆ ಫ್ಯಾನಿನ ಕೆಳಗಿನ ಕುರ್ಚಿ. ನೀಲಿ ‘ಇ’ ಒತ್ತಿದವರಿಗೆ ಮೂಲೆಯ ಸ್ಟೂಲು. ಹಳೆಯ ಗಿರಾಕಿ ಮುರ್ತುಜಾಸಾಬ ಮೊದಲ ದಿನವೇ ಸ್ಟೂಲಿಗೆ ಬಿದ್ದ.

“ನಂದೇನ್ ತಪ್ಪ್ರಿ ಸರ್? ಇದನ್ನ ಒತ್ತು ಅಂತ ನೀವ ಕಲಿಸಿದ್ರಲ್ರಿ!” ಎಂದ ಅವನು.

“ಆವಾಗ ಕಾಲ ಬ್ಯಾರೆ ಇತ್ತೋ ಸಾಬ,” ಎಂದು ಹುಚ್ಚೀರಪ್ಪ ಮಾತು ತೇಲಿಸಿದ.

ಸ್ವಲ್ಪ ದಿನಕ್ಕೆ ರಂಜಿತಾ ಇನ್ನೊಂದು ಸುದ್ದಿ ಹುಡುಕಿ ತಂದಳು. “ಅಪ್ಪಾ, ಅದು ಬರೇ ಸುಳ್ಳಂತ. ಯಾರೋ ಚ್ಯಾಷ್ಟಿ ಮಾಡ್ಯಾರ.”

“ಸುಳ್ಳು ಅಂತ ಬರದಾವ ಯಾವುದು ಒತ್ತತಾನ, ಅದನ್ನ ಕೇಳು ಮದಲ,” ಎಂದ ಹುಚ್ಚೀರಪ್ಪ. ಇಂಥವನ ಜೊತೆ ವಾದ ಮಾಡಿ ಗೆದ್ದವರುಂಟೆ? ರಂಜಿತಾ ತನ್ನ ಕೆಲಸಕ್ಕೆ ತಿರುಗಿದಳು.

ಮರುವರ್ಷ ಕಾರಹುಣ್ಣಿವೆ ಮುಗಿದ ಮೇಲೆ ರಂಜಿತಾಳನ್ನು ನೋಡಲು ಬೇವೂರಿನಿಂದ ವರ ಬಂದ. ಹೆಸರು ಗೋವಿಂದರಾಜ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಜೊತೆಗೆ ತಾಯಿ ಫಕೀರಮ್ಮ, ಮತ್ತು ಎರಡೂ ಕಡೆಗೆ ಬೇಕಾದ ಮಧ್ಯಸ್ಥ ಕಾಳಪ್ಪ. ದುರುಗವ್ವ ಮಂಡಕ್ಕಿ ಸುಸಲಾ, ಮಿರ್ಚಿ ಮಾಡಿಟ್ಟು ಒಳಗೆ ಚಾಪೆ ಹಾಸಿದ್ದಳು. ಹುಚ್ಚೀರಪ್ಪ ಅವರನ್ನು ಒಳಗೆ ಬಿಟ್ಟರೆ ತಾನೆ? ಅಂಗಡಿಯಲ್ಲೇ ತಡೆದು, ವರನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದ. ಪರದೆಯ ಮೇಲೆ ಎರಡೇ ಗುರುತು ಉಳಿಸಿದ್ದ: ಒಂದು ನೀಲಿ ‘ಇ’, ಇನ್ನೊಂದು ಬಣ್ಣದ ಚಕ್ರ.

“ಮಾಸ್ತರ, ಒಂಚೂರು ಇಂಟರ್‌ನೆಟ್ ತಗದು, ಮಳಿ ಯಾವಾಗ ಬರ್ತೈತಿ ನೋಡ್ರಿ,” ಎಂದ.

ಕನ್ಯೆ ನೋಡಲು ಬಂದವನಿಗೆ ಮಳೆಯ ಕೆಲಸ ಯಾಕೆಂದು ಗೋವಿಂದರಾಜ ಕೇಳಲಿಲ್ಲ. ಮೌಸ್ ಹಿಡಿದ. ಅಷ್ಟರಲ್ಲಿ ರಂಜಿತಾ ಚಹಾ ತಂದಳು. ಹುಚ್ಚೀರಪ್ಪನಿಗೆ ಮಗಳೂ ಬೇಡ, ಚಹಾನೂ ಬೇಡ. ಅವನ ಕಣ್ಣು ಪರದೆಯ ಮೇಲಿನ ಬಾಣದಲ್ಲೇ ನೆಟ್ಟಿತ್ತು. ಬಾಣ ಅತ್ತಿತ್ತ ಅಲೆದು, ನೀಲಿ ‘ಇ’ ಮೇಲೆ ಕೂತು, ಟಕ್ ಎಂದಿತು. ಹುಚ್ಚೀರಪ್ಪನ ಮುಖ ಸಪ್ಪಗಾಯಿತು.

ಉಪಚಾರವೇನೋ ಸಾಂಗವಾಗಿ ನಡೆಯಿತು. ಫಕೀರಮ್ಮ ಎರಡನೇ ಸಲ ಸುಸಲಾ ಹಾಕಿಸಿಕೊಂಡಳು. ಆದರೆ ಅವರ ಬಸ್ ಹೊರಟ ಮರುದಿನವೇ ಹುಚ್ಚೀರಪ್ಪ ಕಾಳಪ್ಪನನ್ನು ಕರೆದು, ಜಾತಕ ಕೂಡಲಿಲ್ಲ ಎಂದು ಹೇಳಿಬಿಡಲು ಹೇಳಿದ. ಬೇಡವಾದ ಸಂಬಂಧಕ್ಕೆ ಯಾರ ಮನಸ್ಸೂ ನೋಯದಂತೆ ಎಲ್ಲರೂ ಹೇಳುವ ಮಾತದು.

“ಹುಚ್ಚೀರಪ್ಪಣ್ಣ, ಅವ್ರು ಜಾತಕ ಇನ್ನೂ ಕೊಟ್ಟ ಇಲ್ಲಲ್ಲ!” ಎಂದ ಕಾಳಪ್ಪ.

“ಕೊಟ್ಟಿದ್ರೂ ಕೂಡತಿರಲಿಲ್ಲ. ಹೋಗು,” ಎಂದು ಸಾಗಹಾಕಿದ.

ಸಂಜೆ ಈ ಸುದ್ದಿ ಕೇಳಿ ದುರುಗವ್ವ ತಲೆಗೆ ಕೈ ಹಚ್ಚಿ ಕೂತಳು. ರಂಜಿತಾ ಅಳಲಿಲ್ಲ, ಕೂಗಾಡಲಿಲ್ಲ. “ಅಪ್ಪಾ, ನನಗ ಆ ಮಾಸ್ತರು ಮನಸ್ಸಿಗೆ ಬಂದಾರ,” ಎಂದಳು, ಅಷ್ಟೇ. ಮೊದಲು ಬಂದ ಎರಡು ಸಂಬಂಧಗಳಿಗೆ ಅವಳೇ ಒಲ್ಲೆ ಎಂದಿದ್ದಳು. ಹೂಂ ಎಂದದ್ದು ಇದೇ ಮೊದಲು, ಅದನ್ನು ಅಪ್ಪ ಕೈಯಾರೆ ಮುರಿದು ಕೂತಿದ್ದ.

“ನಿನಗ ತಿಳಿಯಂಗಿಲ್ಲ ತಂಗಿ. ಆ ನೀಲಿ ಇ ಒತ್ತೋ ಮನಷ್ಯಾನ ಜೋಡಿ ಜೀವನ ಮಾಡೂದು ಭಾಳ ಕಷ್ಟ,” ಎಂದ ಹುಚ್ಚೀರಪ್ಪ.

“ಅವ್ವ ಮಾಡಾಕತ್ತಾಳಲ್ಲ,” ಎಂದಳು ರಂಜಿತಾ.

“ಅಂದ್ರ?” ಎಂದ ಹುಚ್ಚೀರಪ್ಪ. ರಂಜಿತಾ ಅವನ ರಟ್ಟೆ ಹಿಡಿದು, ಅವನದೇ ಕಂಪ್ಯೂಟರಿನ ಮುಂದೆ ಕೂರಿಸಿದಳು. ದಿನಾ ಒತ್ತುವ ಬಣ್ಣದ ಚಕ್ರವನ್ನೇ ಒತ್ತಿಸಿದಳು. ತೆರೆದ ಕಿಟಕಿಯ ಮೇಲ್ಗಡೆ ‘ಹೆಲ್ಪ್’ ಎಂದಿತ್ತು. ಅದನ್ನು ಒತ್ತಿಸಿ, ಅದರ ಕೆಳಗಿನ ಕೊನೆಯ ಸಾಲನ್ನೂ ಒತ್ತಿಸಿದಳು. ಒಂದು ಚೌಕ ತೆರೆಯಿತು. ಅದರ ನಡುವೆ ದೊಡ್ಡದಾಗಿ ನೀಲಿ ‘ಇ’ ಕೂತಿತ್ತು.

“ಇದೇನಿದು?” ಎಂದ ಹುಚ್ಚೀರಪ್ಪ.

“ನೀ ಒತ್ತೋದು ಅದನ್ನಪ್ಪಾ. ಹತ್ತ ತಿಂಗಳಾತು. ನೌಕರಿ ಅರ್ಜಿ ಹಾಕೋ ಒಂದು ವೆಬ್‌ಸೈಟ್ ಅದರಾಗ ಬಿಟ್ರ ಎದರಾಗೂ ತಗೀತಿರಲಿಲ್ಲ. ಅರ್ಜಿ ತುಂಬೂದು ನಿನ್ನ ಕಂಪ್ಯೂಟರಿನಾಗ, ನೀ ನೋಡಿದ್ರ ಅದನ್ನ ಮುಟ್ಟಂಗಿಲ್ಲ ಅಂತ ಕುಂತಿ. ಹುಡುಗೂರು ಕೊನೀ ದಿನ ಬಾಗಲಾಗ ನಿಂತಾರ, ನಾ ಏನ್ ಮಾಡ್ಲಿ? ಮ್ಯಾಲಿನ ಚಿತ್ರ ಅಷ್ಟ ಚಕ್ರಕ್ಕ ಬದಲಿ ಮಾಡಿದೆ. ಒಳಗ ಅದ ಐತಿ.”

ಹುಚ್ಚೀರಪ್ಪ ತಿರುಗಿ ಮೂಲೆಯ ಸ್ಟೂಲು ನೋಡಿದ. ಹತ್ತು ತಿಂಗಳು ಎಷ್ಟು ಜನರನ್ನು ಸ್ಟೂಲಿನ ಮೇಲೆ ಕೂರಿಸಿದ್ದ! ಅವನಿಗೆ ನಿಜವಾಗಿ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಇಷ್ಟು ನಾಚಿಕೆ ಆಗಿರಲಿಲ್ಲ.

“ಹಂಗಾರ ನನ್ನ ಬುದ್ಧಿ ಕಡಿಮಿ ಆಗೇತೇನು?” ಎಂದು ಕೇಳಿದ.

“ಇಲ್ಲಪ್ಪಾ, ಮದಲ ಎಷ್ಟಿತ್ತೋ ಅಷ್ಟ ಐತಿ,” ಎಂದಳು ಮಗಳು. ಒಳಗಿನಿಂದ ದುರುಗವ್ವ ನಕ್ಕಿದ್ದು ಕೇಳಿಸಿತು.

ಮರುದಿನ ಬೆಳಗಿನ ಬಸ್ಸಿಗೇ ಹುಚ್ಚೀರಪ್ಪ ಬೇವೂರಿಗೆ ಹೊರಟ. ಕಾಳಪ್ಪನನ್ನು ಕಳಿಸಬಹುದಿತ್ತು, ಆದರೆ ತಾನು ಹೇಳಿದ ಸುಳ್ಳನ್ನು ಬೇರೆಯವರ ಬಾಯಲ್ಲಿ ವಾಪಸ್ ತರಿಸುವುದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ, ಬಸ್ ಇಳಿಯುವಷ್ಟರಲ್ಲಿ ಎಲ್ಲ ಮರೆತ. ಅವರು ಬೇರೆ ಕಡೆ ಮಾತು ಕೊಟ್ಟುಬಿಟ್ಟಿದ್ದರೆ ಏನು ಗತಿ, ಮಗಳ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯೊಂದೇ ಉಳಿದಿತ್ತು.

ಫಕೀರಮ್ಮ ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದಳು. ಇವನನ್ನು ಕಂಡು ಮೊರ ಕೆಳಗಿಟ್ಟಳು, ಆದರೆ ಏಳಲಿಲ್ಲ.

“ಬರ್ರಿ ಅಣ್ಣಾರ. ಜಾತಕ ಕೂಡಲಿಲ್ಲಂತಲ್ರಿ?” ಎಂದಳು.

“ಕೂಡಲಾರದ್ದು ಜಾತಕ ಅಲ್ರಿ ಅಕ್ಕಾರ, ನನ್ನ ಬುದ್ಧಿ,” ಎಂದು ಹುಚ್ಚೀರಪ್ಪ ಕಟ್ಟೆಯ ತುದಿಗೆ ಕೂತ. ಗೋಡೆಯ ಮೇಲಿನ ಪೇಪರು, ಎರಡು ಗುರುತು, ಮಗಳು ತನ್ನ ಕಣ್ಣು ತೆರೆಸಿದ್ದು, ಯಾವುದನ್ನೂ ಬಚ್ಚಿಡದೆ ಹೇಳಿದ. “ನಮ್ಮ ಹುಡುಗಿ ಮನಸ್ಸು ಇಲ್ಲೆ ಐತ್ರಿ. ತಪ್ಪು ನಂದು, ಅಕೀದಲ್ಲ,” ಎಂದ.

ಫಕೀರಮ್ಮನಿಗೆ ಚಕ್ರವೂ ತಿಳಿಯಲಿಲ್ಲ, ‘ಇ’ಯೂ ತಿಳಿಯಲಿಲ್ಲ. ಬೀಗನಾಗುವವನು ತಾನಾಗಿ ಬಂದು ತಪ್ಪಾಯಿತು ಎಂದದ್ದು ತಿಳಿಯಿತು. ಎದ್ದು ನೀರು ತಂದುಕೊಟ್ಟಳು. ಅಷ್ಟರಲ್ಲಿ ಗೋವಿಂದರಾಜ ಶಾಲೆಗೆ ಹೊರಡಲು ಹೊರಬಂದ. ಹುಚ್ಚೀರಪ್ಪನ ನಾಲಿಗೆ ತಡೆಯಲಿಲ್ಲ.

“ಮಾಸ್ತರ, ಸಿಟ್ಟಾಗಬ್ಯಾಡ್ರಿ. ಅವತ್ತ ನೀವು ಅದನ್ನ ಯಾಕ ಒತ್ತಿದ್ರಿ?”

ಗೋವಿಂದರಾಜ ತಾಯಿಯ ಕಡೆ ನೋಡಿದ, ನೆಲ ನೋಡಿದ. ಕಿವಿ ಕೆಂಪಾದವು.

“ಏನ್ ಒತ್ತಿದೆ ಅನ್ನೂದು ನನಗ ಗೊತ್ತಿಲ್ಲರಿ. ಅವ್ರು ಚಾ ತಗೊಂಡು ಬಂದ್ರಲ್ರಿ, ನಾ ಆ ಕಡೆ ನೋಡಾಕತ್ತಿದ್ದೆ.”

ಫಕೀರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಹುಚ್ಚೀರಪ್ಪ ಈ ಉತ್ತರಕ್ಕೆ ಎಷ್ಟು ಅಂಕ ಎಂದು ಒಂದು ಗಳಿಗೆ ಯೋಚಿಸಿ, ಕೈಬಿಟ್ಟು, ಲೋಟದ ನೀರು ಕುಡಿದ.

“ಅಕ್ಕಾರ, ಈಗ ಜಾತಕ ಕೊಡ್ರಿ,” ಎಂದ.

“ಯಾಕ್ರಿ, ಇನ್ನೂ ಪರೀಕ್ಷಾ ಐತೇನು?”

“ಇಲ್ಲರಿ, ಲಗ್ನದ ದಿನ ಗೊತ್ತು ಮಾಡಾಕ.”